ಪುಣೆಯ ಒಂದು ವ್ಯಸನಮುಕ್ತಿ ಕೇಂದ್ರ: ಅರಿವಳಿಕೆ ವೈದ್ಯರಿಗೆ ಎಷ್ಟು ಒದಗುತ್ತದೆ?

ನನ್ನ ವಿಭಾಗದ ಕಿರಿಯ ಅರಿವಳಿಕೆ ವೈದ್ಯರೊಬ್ಬರು, ಧಾರವಾಡದ ಕಡೆಯವರು, ಶಸ್ತ್ರಚಿಕಿತ್ಸೆಯಲ್ಲಿ ನೋವು ನೀಗಲು ಕೊಡುವ, ಅಫೀಮಿನ ವರ್ಗದ ಫೆಂಟನಿಲ್ ಮದ್ದನ್ನು ತಾವೇ ಚುಚ್ಚಿಕೊಳ್ಳುತ್ತಿದ್ದುದು ಕಳೆದ ವರ್ಷ ಬಯಲಾಯಿತು. ರೋಗಿಗೆ ಕೊಟ್ಟು ಮಿಕ್ಕಿದ್ದನ್ನು ಚೆಲ್ಲಿದೆನೆಂದು ರಿಜಿಸ್ಟರಿನಲ್ಲಿ ಬರೆದು, ಅದನ್ನು ಜೇಬಿಗಿಳಿಸುತ್ತಿದ್ದರು. ಅವರನ್ನು ಪುಣೆಯ ಹೊರವಲಯದ ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸೇರಿಸಿ, ಐದು ವಾರ ಹೋಗಿಬಂದು ಕಂಡದ್ದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಹೇಳಿದರೆ ರೋಗಿಯ ಗುರುತೂ ಹತ್ತೀತು, ಆದ್ದರಿಂದ ಹೇಳುವುದಿಲ್ಲ.

ಕೋಣೆ ಚೊಕ್ಕಟ, ಊಟ ಸಾಧಾರಣ, ಶುಲ್ಕ ದುಬಾರಿ. ಮೊದಲ ದಿನಗಳ ನಡುಕ, ವಾಂತಿ, ನಿದ್ದೆಗೇಡುಗಳನ್ನು ಕೇಂದ್ರದವರು ಬಲು ಜಾಣತನದಿಂದ ನಿಭಾಯಿಸಿದರು. ದೇಹದಲ್ಲಿ ಅಫೀಮಿನ ವರ್ಗದ ಮದ್ದು ಉಳಿದಿರುವಾಗಲೇ, ಅದರ ಪರಿಣಾಮವನ್ನು ತಡೆಯುವ ನಾಲ್ಟ್ರೆಕ್ಸೋನ್ ಕೊಟ್ಟರೆ ಯಾತನೆ ಇಮ್ಮಡಿಸುವುದರಿಂದ, ಆತುರಪಡದೆ ಕಾದು ಅದನ್ನು ಆರಂಭಿಸಿದರು. ಅಕ್ಕಲಕೋಟೆ ಕಡೆಯ ಆಪ್ತಸಮಾಲೋಚಕಿಯೊಬ್ಬರು ನಮ್ಮ ಕಿರಿಯ ವೈದ್ಯರ ತಾಯಿಯೊಂದಿಗೆ ಕನ್ನಡದಲ್ಲೇ ಮಾತಾಡಿದರು; ಮಗನಿಗೆ ಬಂದಿರುವುದು ಕಾಯಿಲೆ ಎಂಬ ಮಾತು ಆ ತಾಯಿಗೆ ಮರಾಠಿಯಲ್ಲಿ ಮುಟ್ಟುತ್ತಿತ್ತೆಂದು ನನಗನಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಕೊಡುವ ಗೋಪ್ಯತೆಯ ಹಕ್ಕನ್ನೂ ಅಕ್ಷರಶಃ ಪಾಲಿಸಿದರು.

ಕೊರತೆ ಕಂಡದ್ದು ಬೇರೆಡೆ. ಗುಂಪುಚರ್ಚೆಗಳೆಲ್ಲ ಕುಡಿತಕ್ಕೆಂದೇ ಹೆಣೆದವು. ‘ಹಳೆಯ ಅಡ್ಡೆಯತ್ತ ಸುಳಿಯಬೇಡಿ’ ಎಂಬ ಬುದ್ಧಿವಾದ ಸರಿಯೇ, ಆದರೆ ಇವರ ಅಡ್ಡೆ ಆಪರೇಷನ್ ಥಿಯೇಟರು. ಬೆಳಗಾದರೆ 100 ಮೈಕ್ರೋಗ್ರಾಂನ ಆಂಪೂಲು ಒಡೆದು ಸಿರಿಂಜಿಗೆಳೆಯುವುದೇ ಇವರ ಉದ್ಯೋಗ. ವಾರಕ್ಕೊಮ್ಮೆ ನಡೆಸುತ್ತಿದ್ದ ಮೂತ್ರಪರೀಕ್ಷೆಯ ಪಟ್ಟಿ ಮಾರ್ಫಿನ್ ಬಗೆಯದನ್ನು ಹಿಡಿಯುವಂಥದ್ದು, ಫೆಂಟನಿಲ್ ಅದರಲ್ಲಿ ಕಾಣುವುದೇ ಇಲ್ಲ! ಮೂರು ವಾರ ‘ನೆಗೆಟಿವ್’ ಎಂದು ಬರೆದದ್ದಕ್ಕೆ ಅರ್ಥವೇ ಇರಲಿಲ್ಲ. ನಾನು ತೋರಿಸಿಕೊಟ್ಟ ಮೇಲೆ, ತುಸು ಮುಜುಗರದಿಂದಲೇ, ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದರು. ಪ್ರಜ್ಞೆ ತಪ್ಪಿಸಲು ನಾವು ಚುಚ್ಚುವ, ಚಟಕ್ಕೂ ಬಳಕೆಯಾಗಬಲ್ಲ ಪ್ರೊಪೊಫಾಲ್ ಬಗ್ಗೆ ಯಾರೂ ಕೇಳಲಿಲ್ಲ. ಫೆಂಟನಿಲ್‌ಗೆ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯಿದೆಯ ಬೀಗ, ಲೆಕ್ಕಗಳಾದರೂ ಇವೆ. ಪ್ರೊಪೊಫಾಲ್‌ಗೆ ಅದೂ ಇಲ್ಲ, ನಾಲ್ಟ್ರೆಕ್ಸೋನ್ ಅದನ್ನು ತಡೆಯುವುದೂ ಇಲ್ಲ.

ಬಿಡುಗಡೆಯ ಚೀಟಿಯಲ್ಲಿ ‘ಕೆಲಸಕ್ಕೆ ಯೋಗ್ಯರು’ ಎಂದು ಒಂದೇ ಸಾಲು. ಯಾವ ಕೆಲಸಕ್ಕೆ? ಕೆಲವು ವಾರ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಾಳಲಾರದೆ ಉಸಿರು ನಿಂತುಬಿಡಬಹುದು. ನಮ್ಮ ವೃತ್ತಿಯಲ್ಲಿ ಮರಳಿ ಜಾರಿದ್ದು ಗೊತ್ತಾಗುವುದೇ ಕೆಲವೊಮ್ಮೆ ಸಾವಿನಿಂದ.

ಮತ್ತೊಬ್ಬರನ್ನು ಅಲ್ಲಿಗೆ ಕಳುಹಿಸುವೆನೇ ಎಂದರೆ ಕಳುಹಿಸುವೆ, ಆದರೆ ಯಾವ ಪರೀಕ್ಷೆ ಬೇಕು, ಬಿಡುಗಡೆಯಾದ ಮೇಲೆ ಯಾವ ಕೆಲಸ ಕೂಡದು ಎಂಬುದನ್ನು ನಾನೇ ಪತ್ರದಲ್ಲಿ ಬರೆದುಕೊಟ್ಟು. ನಮ್ಮ ಕಿರಿಯ ವೈದ್ಯರು ಸದ್ಯ ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯ ಹೊರರೋಗಿ ವಿಭಾಗದಲ್ಲಿದ್ದಾರೆ. ಥಿಯೇಟರಿನ ಬಾಗಿಲನ್ನು ಇನ್ನೂ ದಾಟಿಲ್ಲ.