ಹತ್ತು ವರ್ಷ ದಾಟಿದ ಡಿಸೈರ್ ಡೀಸೆಲ್: ಘಾಟಿ ಸೀಮೆಯಲ್ಲಿ ಏನೇನು ಕೆಡುತ್ತೆ, ಸಾಕೋಕೆ ಎಷ್ಟಾಗುತ್ತೆ

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಡಿಕ್ಕಿ ಇರುವ ಹಳೇ ಕಾರು ಹುಡುಕಲು ಹೊರಟರೆ ಬೇಗ ಕಣ್ಣಿಗೆ ಬೀಳುವುದು 2012ರಿಂದ 2017ರ ನಡುವಿನ ಸ್ವಿಫ್ಟ್ ಡಿಸೈರ್ ಡೀಸೆಲ್. ಇದರಲ್ಲಿರುವುದು ಫಿಯಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಎಂಜಿನ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ಮಾಲಿನ್ಯ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹಾಗಾಗಿ ಈಗ ಸಿಗುವ ಡೀಸೆಲ್ ಡಿಸೈರ್ ಯಾವುದಾದರೂ ಹಳೆಯದೇ. ಆದರೂ ಈ ಸೀಮೆಗೆ ಒಗ್ಗುವ ಗಾಡಿ: 190 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ನೆಲದಿಂದ ತಳಕ್ಕೆ 170 ಮಿ.ಮೀ. ಅಂತರ, ಊರೂರಲ್ಲೂ ಬಿಡಿಭಾಗ. ಕೊಳ್ಳಬಹುದು, ಆದರೆ ಮೀಟರಿನಲ್ಲಿರುವ ಕಿಲೋಮೀಟರ್ ನೋಡಿ ಅಲ್ಲ. ಎಂಜಿನ್ ಆಯಿಲ್ ಯಾವಾಗ, ಎಂಥದ್ದು ಹಾಕಿದ್ದಾರೆ ಅನ್ನುವ ಬಿಲ್ಲು ನೋಡಿ.

ಯಾಕೆ ಅಂದರೆ, ಈ ಎಂಜಿನ್‌ಗೆ ಹಿಡಿಯುವುದು ಸುಮಾರು ಮೂರು ಲೀಟರ್ ಆಯಿಲ್ ಮಾತ್ರ. ಅರ್ಧ ಲೀಟರ್ ಸೋರಿದರೂ ಆರರಲ್ಲೊಂದು ಪಾಲು ಹೋದಂತೆ. ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವು ತೆರೆದು ಮುಚ್ಚಿಸಲು ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಆಯಿಲ್ ಕಮ್ಮಿಯಾದರೆ, ಮಸಿ ತುಂಬಿ ದಪ್ಪಗಾದರೆ ಒತ್ತಡ ಏರುವುದು ತಡವಾಗುತ್ತೆ, ಚೈನ್ ಸಡಿಲ ಓಡುತ್ತೆ, ಸವೆದು ಉದ್ದವಾಗುತ್ತೆ. ಬೆಳಗಿನ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೆ ಎರಡು ಮೂರು ಸೆಕೆಂಡು ಕರಕರ ಸದ್ದು ಬಂದು ನಿಂತರೆ ಅದು ಮೊದಲ ಎಚ್ಚರಿಕೆ. ಸದ್ದು ನಿಲ್ಲದೆ ಮುಂದುವರಿದರೆ ಗಾಡಿ ಓಡಿಸಲೇಬೇಡಿ. ಚೈನ್ ಹಲ್ಲು ಹಾರಿದರೆ ಪಿಸ್ಟನ್ ವಾಲ್ವಿಗೆ ಬಡಿದು ಹೆಡ್ ಬಿಚ್ಚುವ ಕೆಲಸ ಬೀಳುತ್ತೆ.

ಚೈನ್ ಬದಲಿಸುವಾಗ ಚೈನ್ ಒಂದನ್ನೇ ಹಾಕಿಸುವುದು ದುಡ್ಡು ದಂಡ. ಟೆನ್ಷನರ್, ಗೈಡ್, ಸ್ಪ್ರಾಕೆಟ್ ಎಲ್ಲ ಸೇರಿದ ಪೂರ್ತಿ ಕಿಟ್ ಹಾಕಿಸಿ. ಕ್ಯಾಮ್‌ಶಾಫ್ಟನ್ನೂ ಫ್ಲೈವೀಲನ್ನೂ ಅಲುಗದಂತೆ ಹಿಡಿಯುವ ಲಾಕಿಂಗ್ ಟೂಲ್ ಇದೆಯೇ ಎಂದು ಗ್ಯಾರೇಜಿನಲ್ಲಿ ಮೊದಲೇ ಕೇಳಿ. ಪೇಂಟ್ ಗುರುತು ಹಾಕಿ ಅಂದಾಜಿನಲ್ಲಿ ಕೂರಿಸುತ್ತೇವೆ ಅಂದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ. ಹೊರಗಿನ ಗ್ಯಾರೇಜಿನಲ್ಲಿ ಕೂಲಿ ಸೇರಿ 12ರಿಂದ 18 ಸಾವಿರ ಅಂದಾಜು ಇಟ್ಟುಕೊಳ್ಳಿ. ಇದನ್ನು ದೂರ ಇಡುವ ದಾರಿ ಅಗ್ಗದ್ದು: 5ಡಬ್ಲ್ಯೂ-30 ಆಯಿಲ್, 10 ಸಾವಿರ ಕಿಲೋಮೀಟರ್ ತನಕ ಕಾಯದೆ 7,500ಕ್ಕೇ ಬದಲು, ಜೊತೆಗೆ ಫಿಲ್ಟರ್ ಮತ್ತು ಅದರ ಮುಚ್ಚಳದ ರಬ್ಬರ್ ರಿಂಗ್. ಹದಿನೈದು ದಿನಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ.

ಘಾಟಿ ಓಡಾಟದಲ್ಲಿ ಮೊದಲು ಸವೆಯುವುದು ಕ್ಲಚ್. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಚ್ಚೆತ್ತುಕೊಳ್ಳುವುದು 1,800-2,000 ಆರ್‌ಪಿಎಂ ಹತ್ತಿರ. ಅದರ ಕೆಳಗೆ ಎಂಜಿನ್ ಸಪ್ಪೆ. ಮುಳ್ಳಯ್ಯನಗಿರಿಯ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಎಳೆಯೋಣ ಅಂತ ಹಾಫ್ ಕ್ಲಚ್ ಹಿಡಿಯುವ ಅಭ್ಯಾಸ ಪ್ಲೇಟನ್ನು ಸುಟ್ಟು ಹಾಕುತ್ತೆ. ಕಡಿದಾದ ತಿರುವಿಗೆ ಮೊದಲೇ ಒಂದನೇ ಗೇರಿಗೆ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟು ಹತ್ತಿಸಿ. ಪರೀಕ್ಷೆ ಸುಲಭ: ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಮಾತ್ರ ಹಿಂದುಳಿದರೆ ಕ್ಲಚ್ ಜಾರುತ್ತಿದೆ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತೆ. 9ರಿಂದ 12 ಸಾವಿರದ ಕೆಲಸ.

ಪಿಕಪ್ ಹೋಯಿತು, ಕಪ್ಪು ಹೊಗೆ ಬರುತ್ತಿದೆ ಅಂದ ಕೂಡಲೆ ಟರ್ಬೊ ಹೋಗಿದೆ ಎಂದು ಹೇಳುವವರನ್ನು ನಂಬಬೇಡಿ. ಮೊದಲು ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ತಡವಿ ನೋಡಿ. ಕ್ಲಿಪ್ ಕೆಳಗೆ ಅಥವಾ ಬಾಗಿದ ಕಡೆ ಸೀಳಿದ್ದರೆ ಅಲ್ಲೆಲ್ಲ ಆಯಿಲ್ ಒದ್ದೆ ಇರುತ್ತೆ, ಆಕ್ಸಿಲರೇಟರ್ ಒತ್ತಿದಾಗ ಬುಸ್ ಅಂತ ಗಾಳಿ ಸೋರುವ ಸದ್ದು ಕೇಳುತ್ತೆ. ಆಮೇಲೆ ನೋಡಬೇಕಾದ್ದು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್. ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ಇದಕ್ಕೆ ಮಸಿ ಕಟ್ಟಿಕೊಂಡು ತೆರೆದಂತೆಯೇ ಸಿಕ್ಕಿಕೊಳ್ಳುತ್ತೆ. ಬಿಚ್ಚಿ ಕಾರ್ಬನ್ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಬಹಳ ಸಲ ಸರಿಹೋಗುತ್ತೆ. ಟರ್ಬೊ ನಿಜಕ್ಕೂ ಹೋಗಿದ್ದರೆ ಹೊಗೆ ನೀಲಿಗೆ ತಿರುಗುತ್ತೆ, ಆಯಿಲ್ ಇಳಿಯುತ್ತೆ. ಸಿಯಾಜ್, ಎರ್ಟಿಗಾದ 90 ಪಿಎಸ್ ಎಂಜಿನ್ನಿನ ಟರ್ಬೊ ಬೇರೆಯದು, ಇದಕ್ಕೆ ಹೊಂದುವುದಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವವರು ಗಮನಿಸಿ.

ಡಿಸೆಂಬರ್-ಜನವರಿ ಚಳಿಯಲ್ಲಿ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು, ಸ್ಟಾರ್ಟ್ ಆದಾಗ ಬಿಳಿ ಹೊಗೆ ಅಂದರೆ ಸ್ಟಾರ್ಟ್ ಆಗಲು ಎಂಜಿನ್ ಒಳಗೆ ಬಿಸಿ ಮಾಡುವ ನಾಲ್ಕು ಗ್ಲೋ ಪ್ಲಗ್ಗುಗಳಲ್ಲಿ ಒಂದೆರಡು ಸತ್ತಿರಬಹುದು. ಎಂಜಿನ್ ಬಿಸಿ ಇದ್ದಾಗಲೇ ಬಿಚ್ಚಿಸಿ, ತಣ್ಣಗಿದ್ದಾಗ ಹೆಡ್ಡಿನೊಳಗೇ ಮುರಿಯಬಹುದು.

ಎಸ್ಟೇಟ್ ರಸ್ತೆಯ ಗುಂಡಿಗಳ ಲೆಕ್ಕ ತೀರಿಸುವುದು ಮುಂದಿನ ಸಸ್ಪೆನ್ಷನ್. ಸಣ್ಣ ಉಬ್ಬಿನ ಮೇಲೆ ಟಕ್ ಟಕ್ ಅಂದರೆ ಸಾಮಾನ್ಯವಾಗಿ ಲಿಂಕ್ ರಾಡ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಟಕಟ ಅಂದರೆ ಸ್ಟ್ರಟ್ ಮೌಂಟ್. ಬ್ರೇಕ್ ಹಿಡಿದಾಗ ಧಡ್ ಅಂತ ಒಂದೇ ಸದ್ದು ಬಂದರೆ ಲೋವರ್ ಆರ್ಮಿನ ರಬ್ಬರ್ ಬುಷ್. ಎರಡೂ ಬದಿಗೆ ಒಟ್ಟಿಗೆ ಹಾಕಿಸಿ. ಬುಷ್ ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ. ಜಾಕಿ ಮೇಲೆ ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕೂಡಲೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಹೊಸ ಬುಷ್ ಬೇಗ ಹೋಯಿತು ಅನ್ನುವ ದೂರಿಗೆ ಹಲವು ಸಲ ಇದೇ ಕಾರಣ, ಬಿಡಿಭಾಗದ ತಪ್ಪಲ್ಲ. ಆಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಬ್ರೇಕ್ ವಿಷಯದಲ್ಲಿ ಉಳಿತಾಯ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬಿಸಿಗೆ ಆ ನೀರು ಕುದಿದು ಆವಿಯಾದರೆ ಪೆಡಲ್ ಕೆಳಗೆ ಹೋಗುತ್ತೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಇಳಿಜಾರಿನಲ್ಲಿ ಎರಡು-ಮೂರನೇ ಗೇರಿನಲ್ಲೇ ಇಳಿಯಿರಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಹಿಂದಿನ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳುತ್ತೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಮೇಲು. ಮಳೆಗಾಲ ಮುಗಿದ ಮೇಲೆ ಬಾಗಿಲ ತಳದ ತೂತು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಎರಡರಲ್ಲೂ ನೀರು ಕೆಸರು ನಿಂತಿದೆಯೇ ನೋಡಿ, ತುಕ್ಕು ಶುರುವಾಗುವುದು ಅಲ್ಲೇ. ಬಾನೆಟ್ ಒಳಗೆ ವೈರ್ ಕಡಿಯುವ ಇಲಿ ಕಾಟ ತೋಟದ ಮನೆಗಳವರಿಗೆ ಹೇಳಬೇಕಾಗಿಲ್ಲ.

ಈಗ ದುಡ್ಡಿನ ಮಾತು. 2015ರ ಮಾದರಿಗೆ ಕಂಪನಿ ಹೇಳಿದ್ದು ಲೀಟರಿಗೆ 26.59 ಕಿ.ಮೀ.; ಹಳೇ ಗಾಡಿಗೆ, ಘಾಟಿಯೂ ಸೇರಿದ ಓಟಕ್ಕೆ 18 ಹಿಡಿಯಿರಿ. ವರ್ಷಕ್ಕೆ 12 ಸಾವಿರ ಕಿಲೋಮೀಟರ್, ಲೀಟರಿಗೆ 90 ರೂಪಾಯಿ ಅಂದುಕೊಂಡರೆ ಡೀಸೆಲ್‌ಗೇ 60 ಸಾವಿರ. ಥರ್ಡ್ ಪಾರ್ಟಿ ವಿಮೆ 2022ರ ಜೂನ್ ದರದಂತೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಅಂದರೆ ನಾಲ್ಕು ಸಾವಿರ. ಆಯಿಲ್, ಫಿಲ್ಟರ್‌ಗಳಿಗೆ ಆರೇಳು ಸಾವಿರ. ಟೈರ್, ಬ್ಯಾಟರಿ, ಕ್ಲಚ್, ಸಸ್ಪೆನ್ಷನ್ ಇವು ಪ್ರತಿ ವರ್ಷ ಬರುವುದಿಲ್ಲ, ಬಂದಾಗ ಒಟ್ಟಿಗೇ ಬರುತ್ತವೆ. ಅದಕ್ಕೆ ವರ್ಷಕ್ಕೆ 30 ಸಾವಿರ ಬೇರೆ ಎತ್ತಿಡಿ. ಒಟ್ಟು ಒಂದು ಲಕ್ಷ, ಕಿಲೋಮೀಟರಿಗೆ ಎಂಟು ರೂಪಾಯಿ ಚಿಲ್ಲರೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರು ಪೆಟ್ರೋಲ್ ಡಿಸೈರ್ ತಗೊಳ್ಳಿ. ಡೀಸೆಲ್ಲಿನಲ್ಲಿ ಉಳಿದದ್ದು ರಿಪೇರಿಗೆ ಹೋಗುತ್ತೆ.

ಆರ್‌ಸಿ ಮೇಲಿನ ದಿನಾಂಕ ನೋಡಲು ಮರೆಯಬೇಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. 2012ರ ಗಾಡಿಗೆ 2027ರಲ್ಲಿ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ, ಹಸಿರು ತೆರಿಗೆ ಬೇರೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಇದೇ ಕೆಲಸ. ಗಾಡಿ ನೋಡಲು ಹೋಗುವುದಿದ್ದರೆ ಬೆಳಿಗ್ಗೆ ಹೋಗಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಚೈನಿನ ಸದ್ದು ಕೇಳಿಸುವುದಿಲ್ಲ, ಇನ್ನೊಂದು ದಿನ ಬನ್ನಿ. ಸದ್ದು ಕೇಳಿಸಿದರೆ 18 ಸಾವಿರ ಇಳಿಸಿ ಬೆಲೆ ಮಾತಾಡಿ. ಆಯಿಲ್ ಬಿಲ್ಲೂ ಇಲ್ಲ, ಸದ್ದೂ ಇದೆ ಅಂದರೆ ಆ ಗಾಡಿ ಬೇಡ.