ಕ್ರೌನ್ ಬಿಚ್ಚಿಸುವ ಮೊದಲು ಮುಂದಿನ ಚಕ್ರದ ಬಿಸಿ ನೋಡಿ

ಹಳೆ ರಿಯರ್ ವೀಲ್ ಡ್ರೈವ್ ಕಾರಿಗೆ ಬೇರೆ ಎಂಜಿನ್ ಕೂರಿಸಿಕೊಂಡವರು ಇದನ್ನೊಮ್ಮೆ ಓದಿ. ಕ್ರೌನ್, ಅಂದರೆ ಹಿಂದಿನ ಆಕ್ಸಲ್ ನಡುವೆ ಕೂತು ಚಕ್ರ ತಿರುಗಿಸುವ ಗೇರ್, ಬಿಚ್ಚಿಸಿ ನಾನು 18,000 ರೂಪಾಯಿ ಸುಮ್ನೆ ಕಳೆದುಕೊಂಡೆ.

ನನ್ನದು ಕಾಂಟೆಸಾ. ಎಂಜಿನ್, ಗೇರ್‌ಬಾಕ್ಸ್ ಎರಡೂ ಬೇರೆ ಕಾರಿನವು. ಅದೇ ಕೈಯಲ್ಲಿ ಪೆಡಲ್ ಒತ್ತನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್, ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಬದಲಾಯಿಸಿದ್ದೆವು. ಕೆಲಸ ಮುಗಿದ ಮೇಲೆ ಬೆಂಗಳೂರಿನಿಂದ ಹಾಸನಕ್ಕೆ ಹೊರಟೆ. ನೆಲಮಂಗಲ ದಾಟುವವರೆಗೆ ಏನೂ ತೊಂದರೆಯಿಲ್ಲ. ಕುಣಿಗಲ್ ಹತ್ತಿರ ಬಂದಾಗ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ! ಆಕ್ಸಿಲರೇಟರ್ ಬಿಟ್ಟರೆ ಗಾಡಿ ನಿಂತೇ ಬಿಡುತ್ತಿತ್ತು. ಸುಟ್ಟ ವಾಸನೆ ಬೇರೆ. ಪಕ್ಕಕ್ಕೆ ಹಾಕಿ, ಕಾಫಿ ಕುಡಿದು ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಮತ್ತೆ ಸಲೀಸಾಗಿ ಓಡಿತು.

ಗ್ಯಾರೇಜಿನವರು ಮರುದಿನ ಬೆಳಿಗ್ಗೆ ಜಾಕ್ ಹಾಕಿ ಚಕ್ರ ತಿರುಗಿಸಿದರು. ನಾಲ್ಕೂ ಫ್ರೀ. 'ಬ್ರೇಕ್ ಸರಿಯಿದೆ, ಕ್ರೌನ್ ಟೈಟ್ ಆಗಿದೆ' ಅಂದರು. ಕ್ರೌನ್ ಕೂತಿರುವ ಹೌಸಿಂಗ್ ಬಿಸಿಯಾಗಿತ್ತು ಅಂತ ನಾನೇ ಹೇಳಿದ್ದೆ ನೋಡಿ, ಅದೂ ಸಾಕ್ಷಿಯಾಯಿತು. ದೂರ ಓಡಿದ ಮೇಲೆ ಯಾವ ಹೌಸಿಂಗ್ ಬಿಸಿಯಾಗಲ್ಲ? ಬಿಚ್ಚಿದರು, ಬೇರಿಂಗ್ ಹಾಕಿದರು, ಕಟ್ಟಿದರು. ಎರಡನೇ ದಿನ ಮತ್ತೆ ಅದೇ ಕಥೆ.

ಕೊನೆಗೆ ಪರಿಚಯದ ಹಳೆ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. 'ಬಿಸಿ ಮಾಡ್ಕೊಂಡು ಬನ್ನಿ ಸಾರ್. ತಣ್ಣಗಿರೋ ಗಾಡೀಲಿ ನನಗೇನು ಕಾಣ್ಸುತ್ತೆ?' ಅಂದರು. ಗಾಡಿ ಎಳೆಯತೊಡಗಿದಾಗ ತಂದೆ. ಮುಂದಿನ ರಿಮ್ ಹತ್ತಿರ ಕೈ ಹಿಡಿಯಲಾಗುತ್ತಿರಲಿಲ್ಲ. ಜಾಕ್ ಹಾಕಿದರೆ ಎರಡೂ ಚಕ್ರ ಜಾಮ್. ಅವರು ಬೂಸ್ಟರಿಗೆ ಮಾಸ್ಟರ್ ಸಿಲಿಂಡರ್ ಹಿಡಿಸಿದ್ದ ಎರಡು ನಟ್ ಸಡಿಲಿಸಿ ಅದನ್ನು ತುಸು ಮುಂದಕ್ಕೆ ಎಳೆದರು. ಚಕ್ರ ತಟ್ಟನೆ ಫ್ರೀ ಆಯಿತು.

ಬೂಸ್ಟರಿನ ರಾಡ್ ಕೂದಲೆಳೆಯಷ್ಟು ಉದ್ದವಿತ್ತು. ಪೆಡಲ್ ಬಿಟ್ಟರೂ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುತ್ತಿರಲಿಲ್ಲ. ಬ್ರೇಕ್ ಆಯಿಲ್ ತನ್ನ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚೇ ಇರುತ್ತಿತ್ತು. ಆಯಿಲ್ ಬಿಸಿಯಾಗಿ ಹಿಗ್ಗಿದರೆ ಹೋಗಲು ದಾರಿಯಿಲ್ಲ, ಪ್ಯಾಡನ್ನೇ ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಹೀಗೇ ಶಿರಾಡಿ ಘಾಟಿ ಇಳಿದಿದ್ದರೆ ಆಯಿಲ್ ಕುದಿದು ಬ್ರೇಕೇ ಇಲ್ಲದಂತಾಗುತ್ತಿತ್ತೇನೋ.

ನಟ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಆ ಚಕ್ರದ ಬ್ಲೀಡ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಬಿಚ್ಚಿ ನೋಡಿ. ಆಯಿಲ್ ಚಿಮ್ಮುತ್ತದೆ, ಸುಡುತ್ತದೆ, ಜೋಪಾನ. ಆಗ ಬಿಟ್ಟರೆ ಒಳಗೇ ಊದಿಕೊಂಡ ಹೋಸ್ (ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಪೈಪ್) ಮೇಲೆ ಅನುಮಾನ. ಆಗಲೂ ಬಿಡದಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತುಕ್ಕು ಹಿಡಿದು ಕೂತಿರಬಹುದು. ಹಿಂದಿನ ಚಕ್ರ ಮಾತ್ರ ಬಿಗಿಯಾಗಿದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ, ಡ್ರಮ್ ತೆಗೆದು ತಿರುಗಿಸಿ. ಆಮೇಲೆ ಗೇರ್‌ಬಾಕ್ಸಿನಿಂದ ಕ್ರೌನ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ. ಅದಾದ ಮೇಲೂ ಆಕ್ಸಲ್ ಬಿಗಿಯಿದ್ದರಷ್ಟೇ ಕ್ರೌನ್ ಮಾತು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಕೆಂಡದಂಥ ಡಿಸ್ಕಿಗೆ ನೀರು ಸುರಿಯುವ ಸಲಹೆಗಾರರು ದಾರಿಯಲ್ಲಿ ಸಿಗ್ತಾರೆ, ಕೇಳಬೇಡಿ.

ರಾಡ್ ಸರಿ ಮಾಡಲು ಅರ್ಧ ಗಂಟೆ ಹಿಡಿಯಿತು. ಬಿಚ್ಚಿ ಕಟ್ಟಿದ ಕ್ರೌನ್ ಮಾತ್ರ ಈಗ 60 ದಾಟಿದರೆ ಗುಂಯ್ ಅನ್ನುತ್ತದೆ. ಮೊದಲು ಆ ಸದ್ದೇ ಇರಲಿಲ್ಲ.