ವಿದ್ಯಾನಗರದ ಲ್ಯಾಬ್: ಕೊಲೈಟಿಸ್ ರೋಗಿಯ ಮನೆಯವರ ಅಭಿಪ್ರಾಯ

ದೊಡ್ಡ ಕರುಳಿನಲ್ಲಿ ಉರಿಯೂತ ಮತ್ತು ಹುಣ್ಣು ಉಂಟುಮಾಡುವ ಅಲ್ಸರೇಟಿವ್ ಕೊಲೈಟಿಸ್‌ನಿಂದ ಬಳಲುತ್ತಿರುವ ನನ್ನ ತಮ್ಮನ ರಕ್ತಪರೀಕ್ಷೆಯನ್ನು ಹುಬ್ಬಳ್ಳಿಯ ವಿದ್ಯಾನಗರದ ಲ್ಯಾಬೊಂದರಲ್ಲಿ ಮಾಡಿಸುತ್ತೇವೆ. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಉರಿಯೂತ ತಗ್ಗಿಸುವ ಔಷಧ ಯಾರಿಗೆ ನಾಟೀತು ಎಂದು ಮುಂಚಿತವಾಗಿ ಅಂದಾಜಿಸಲು ಸಂಶೋಧಕರು ಪರಿಶೀಲಿಸುತ್ತಿರುವ ಸೂಚಕಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅನುಪಾತವೂ ಒಂದಾಗಿದ್ದು, ಅದಕ್ಕೆ ಸಾಮಾನ್ಯ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯೇ ಸಾಕು. ಇಲ್ಲಿ ಹಳೆಯ ಅಂಕಿಗಳನ್ನೂ ಪಕ್ಕದಲ್ಲೇ ಮುದ್ರಿಸಿಕೊಡುತ್ತಾರೆ.

ನಾನು ಹೆಚ್ಚು ಮೆಚ್ಚಿದ್ದು ರಕ್ತ ತೆಗೆಯುವ ಮುನ್ನ ಸಿಬ್ಬಂದಿ ಕೇಳುವ ಪ್ರಶ್ನೆಯನ್ನು: "ಸ್ಟೀರಾಯ್ಡ್ ಗುಳಿಗಿ ತಗೋಳಾಕತ್ತೀರೇನ್ರೀ?" ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ನ್ಯೂಟ್ರೋಫಿಲ್‌ಗಳನ್ನು ಏರಿಸಿ ಲಿಂಫೋಸೈಟ್‌ಗಳನ್ನು ಇಳಿಸುವುದರಿಂದ, ರೋಗ ಉಲ್ಬಣಿಸದಿದ್ದರೂ ಅನುಪಾತ ಹೆಚ್ಚಾಗಿ ಕಾಣಬಹುದು; ಸ್ಟೀರಾಯ್ಡ್ ಸೇವನೆಯ ಮಾಹಿತಿಯನ್ನು ವರದಿಯಲ್ಲೇ ನಮೂದಿಸುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಕರುಳಿನ ಉರಿಯೂತವನ್ನು ಇನ್ನಷ್ಟು ನೇರವಾಗಿ ತೋರಿಸುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆಯ ಮಾದರಿಯನ್ನು ಹೊರಗೆ ಕಳುಹಿಸುವುದರಿಂದ ಫಲಿತಾಂಶ ತಡವಾಗುತ್ತದೆ. ಅದನ್ನೂ ಇಲ್ಲಿಯೇ ಆರಂಭಿಸಬೇಕು.